ಹಸಿ ರಸ್ತೆ

ಏಪ್ರಿಲ್ ಬಂತೆಂದರೆ ಮಿಶಿಗನ್ನಿನ ಈ ಮೇಲ್ತುದಿಯಲ್ಲಿ
ರಸ್ತೆ ಹಸೀ ಬಾಣಂತಿ.
ನೋಡಲು ಗಟ್ಟಿ, ಒಳಗೆಲ್ಲ ನೀರು.
ಭಾರ ಹೊರಿಸಬೇಡಿ ಎಂದು ಕೌಂಟಿಯವರು
ಕಂಬಕಂಬಕ್ಕೂ ಹಲಗೆ ಕಟ್ಟುತ್ತಾರೆ.
ನನಗೆ ಗೊತ್ತಿಲ್ಲವೇ? ಗೊತ್ತು.
ಲಾರಿಯ ಕಂತಿನ ತಾರೀಕೂ ಗೊತ್ತು.

ಸೇತುವೆಯಾಚೆ ತಿರುವಿನಲ್ಲಿ ಎಲ್ಡನ್ ಪೆಸೋನೆನ್
ಚಕ್ರಚಕ್ರದಡಿಗೂ ತೂಕದ ಮಣೆ ತಳ್ಳಿ
ಮಂಡಿಯೂರಿ ಓದಿದ:
"ಒಂಬೈನೂರ ನಲವತ್ತು ಪೌಂಡು ಹೆಚ್ಚು, ರೈಲಿ."

ದಿಮ್ಮಿಗಳ ಮೇಲೆ ರಾತ್ರಿ ಬಿದ್ದ ಹಿಮ ಯಾರದು, ಎಂದೆ.
ಗಾಲಿಗೆ ಮೆತ್ತಿದ ಕೆಸರು ನಿಮ್ಮ ರಸ್ತೆಯದೇ ತಾನೆ,
ನಿಮ್ಮದನ್ನು ನಿಮ್ಮ ಮೇಲೇ ಹೊತ್ತು ತಂದದ್ದಕ್ಕೆ ದಂಡವೇ?
ಅವನು ನಗಲಿಲ್ಲ. ಪೆನ್ನು ಮರಗಟ್ಟಿತ್ತು,
ಉಸಿರು ಊದಿ ಊದಿ ಬರೆದ.
ಒಂದು ವಾರದ ಡೀಸೆಲ್ಲು.

ಅವನು ಸೊನ್ನೆ ಸುತ್ತುವಷ್ಟರಲ್ಲಿ
ಬಿಸಿಲು ಬಂದು, ದಿಮ್ಮಿಯ ತುದಿ ತೊಟ್ಟಿಕ್ಕಿ,
ಹೆಚ್ಚಾದ ಭಾರದಲ್ಲಿ ಒಂದಿಷ್ಟು
ನನ್ನ ಬೂಟಿನ ಸುತ್ತ ನಿಂತಿತ್ತು.
ಮತ್ತೆ ತೂಗು ಎನ್ನಲಿಲ್ಲ.

ಚೀಟಿ ಹರಿದು ಕೊಟ್ಟು ಕಾರು ಹಿಂದಕ್ಕೆ ತೆಗೆದ.
ರಸ್ತೆಯಂಚು ಸದ್ದಿಲ್ಲದೆ ಬಾಯ್ದೆರೆದು
ಗಾಲಿಯನ್ನು ಅಚ್ಚಿನವರೆಗೂ ನುಂಗಿತು.
ಕಾರು. ಬರೀ ಕಾರು.

ಹೊರಟುಬಿಡಬಹುದಿತ್ತು.
ಎಂಜಿನ್ನೂ ಆನ್ ಇತ್ತು.
ಇಳಿದು, ಸೀಟಿನ ಹಿಂದಿನ ಸರಪಳಿ ಎಳೆದೆ.
ಕೊಂಡಿ ಸಿಕ್ಕಿಸುವ ಮೊದಲು ಎಲ್ಡನ್
ಅದನ್ನೊಮ್ಮೆ ಕೈಯಲ್ಲಿ ತೂಗಿದಂತೆ ಕಂಡಿತು.
"ಎಂಬತ್ತು ಪೌಂಡು," ಎಂದೆ,
"ನಿನ್ನ ಚೀಟಿಯಲ್ಲಿ ಸೇರಿದೆ."