ಎಷ್ಟು ಆಳು

ಮಡಿಕೇರಿಯ ಲ್ಯಾಬಿನಲ್ಲಿ ಕರೆಂಟು ಹೋಗಿ ಬಂತು.
ಗಾಜಿನ ಮೇಲೆ ಚೋಂದಮ್ಮನ ಗಂಟಿನ ತೆಳು ಸೀಳು;
ಕಾವಲಿನ ಕೋಶಗಳಿಗಷ್ಟೇ ಕಂದು ಬಣ್ಣ.

ಹೊರಗೆ ಬೆಂಚಿನಲ್ಲಿ ಆಕೆ. ಮೂವತ್ತು ವರ್ಷ
ಅರೇಬಿಕಾ ಕಾಂಡ ಸವರಿ, ಬೆರಳಿಗೆ ಏಣು ತಾಗಿದರೆ
"ಒಳಗೆ ಹುಳ ಉಂಟು, ಕಿತ್ತು ಸುಡಿ" ಅಂದವಳು.

ಇಲ್ಲಿ ಸುಡುವವರಿಲ್ಲ.
ಕೆಟ್ಟ ಕೋಶಕ್ಕೆ ಮೈಯೊತ್ತಿ ನಿಂತು
ತೂತು ಕೊರೆಯುತ್ತದೆ ಕಾವಲು,
ಥೇಟ್ ಕಾಂಡಕೊರಕನ ಹಾಗೆ.
ತೂತಿನೊಳಗೆ ಗ್ರಾನ್‌ಝೈಮ್:
ಒಂದು ಕತ್ತರಿ, ಅಷ್ಟೇ.
ಯಾವುದೋ ಕಟ್ಟು ಕತ್ತರಿಸುತ್ತದೆ,
ಮಿಕ್ಕದ್ದು ಆ ಮನೆಯದೇ ಕೆಲಸ.
ತನ್ನ ತೊಲೆ ತಾನೇ ಇಳಿಸಿಕೊಳ್ಳುತ್ತದೆ,
ನೆರೆಮನೆಗೆ ಕಿಡಿ ಹಾರದಂತೆ.

ಎಣಿಸಿದೆ. ಅಂಚಿನಲ್ಲಿ ಕಂದು ದಟ್ಟ.
ನಡುವೆ, ಮೂರೇ.

"ಏಣು ಸಿಕ್ಕಿತಾ?" ಬಾಗಿಲಲ್ಲಿ ಚೋಂದಮ್ಮ.
"ಸಿಕ್ಕಿತು. ಒಳಗೆ ಕೆಲಸಕ್ಕೆ ಇಳಿದಿದ್ದಾರೆ."
"ಎಷ್ಟು ಆಳು?" ಅಂದಳು,
ಹಾಜರಿ ಬರೆಯುವ ದನಿಯಲ್ಲಿ.