ಕೆಳಗಿನ ಅಕ್ಷರ

ಬ್ಯಾಡಗಿ ಪ್ಯಾಟ್ಯಾಗ ಕಣ್ಣೀರಿಗೆ ಕಿಮ್ಮತ್ತಿಲ್ಲ.
ಸೀಜನ್ ಬಂತಂದ್ರ ಎಲ್ಲಾರೂ ಅಳತಾರ:
ಹಮಾಲರು, ದಲಾಲರು, ಬ್ಯಾಂಕಿನ ಮ್ಯಾನೇಜರು,
ಚೀಲದ ಮ್ಯಾಲೆ ಕುಂತ ಬೆಕ್ಕು ಸೈತ.
ಇಂಥಾ ಊರಾಗ ನಾ ಒಬ್ಬಾಕಿ
ಚೀನಾದ ಸೀರಿಯಲ್ಲಿಗೆ ಅತ್ತೆ ಅಂದ್ರ
ಯಾರು ನಂಬಬೇಕು?

ಕೋಲ್ಡ್ ಸ್ಟೋರೇಜಿನ ಆಫೀಸು ನಮ್ಮದು.
ಒಳಗ ಮೆಣಸಿನಕಾಯಿ ಥಣ್ಣಗ ಮಲಗಿರತಾವ,
ಹೊರಗ ತಗಡಿನ ಕೆಳಗ ನಾವಿಬ್ಬರು ಬೇಯತೀವಿ.
ನಾ ಗೇಟ್‌ಪಾಸ್ ಬರೀತೀನಿ,
ಫಕ್ಕೀರೇಶ ತೂಕದ ಚೀಟಿ.
ಎರಡಕ್ಕ ಬುತ್ತಿ ಬಿಚ್ಚಿದ್ವಿ ಅಂದ್ರ
ಅವನ ಫೋನು ನನ್ನ ಶೇಂಗಾಚಟ್ನಿ ಡಬ್ಬಿಗೆ ಆನತದ,
ವೈರಿನ ಒಂದು ತುದಿ ಅವನ ಕಿವಿಗೆ, ಒಂದು ನನ್ನ ಕಿವಿಗೆ.
ತಲಿ ಜಗ್ಗಿದ್ರ ಇಬ್ಬರದೂ ಕಳಚತದ.
ಅದಕ್ಕ ಹುಷಾರಾಗಿ ನಗತಿದ್ವಿ.

ಗಾಜಿನ ಬಿಲ್ಡಿಂಗು, ನಲವತ್ತನೇ ಮಾಳಿಗಿ,
ಕೋಟು ಬಿಚ್ಚದ ಸಾಹೇಬ,
ದಿನಕ್ಕೊಮ್ಮೆ ಅವನ ಮ್ಯಾಲೆ ಕಾಫಿ ಚೆಲ್ಲೋ ಹುಡುಗಿ.
ಚೆಲ್ಲಿದಾಗ ಬೈತಾನ,
ಬೈದ ರಾತ್ರಿ ಅವಂಗ ನಿದ್ದಿ ಇಲ್ಲ.
ಆಮ್ಯಾಲೆ ಲಿಫ್ಟು ಕೆಡತದ, ಒಳಗ ಇಬ್ಬರ.
ನಮ್ಮಲ್ಲಿ ಲಿಫ್ಟಿಲ್ಲ.
ಇದ್ರೂ ಅದ್ರಾಗ ಚೀಲಾನ ಏರತಿದ್ವು ಬಿಡ್ರಿ,
ನಾವು ಮೆಟ್ಟಲ ಹತ್ತತಿದ್ವಿ.

ಪರದಿ ಕೆಳಗ ಇಂಗ್ಲಿಷ್ ಅಕ್ಷರ ಓಡತಾವ.
ನಾ ಒಂದು ಶಬ್ದ ಕೂಡಿಸೂದ್ರಾಗ
ಮುಂದಿನ ಸಾಲು ಬಂದು ನಿಂತಿರತದ.
‘ಏನಂತಾನ?’ ಅಂತ ಕೇಳತಿದ್ದೆ.
‘ನೀ ಬರದ ದಿನ ಆಫೀಸಿನ ಗಡಿಯಾರ ಸುಳ್ಳು ಹೇಳತದ, ಅಂತಾನ.’
‘ಆಕಿ?’
‘ಹಂಗಾದ್ರ ಸೆಲ್ ಬದಲಿ ಮಾಡ್ರಿ ಸರ್, ಅಂತಾಳ.’
ರೊಟ್ಟಿ ನೆತ್ತಿಗೇರಿತು.
ನೀರಿನ ಬಾಟ್ಲಿ ಸರಿಸಿದ ಫಕ್ಕೀರೇಶ,
ಮಾರಿ ಮಾತ್ರ ಫೋನಿನ ಕಡೆ.

ಒಂದಿನ ಅವರು ಕಡ್ಡೀಲೆ ಶಾವಿಗಿ ತಿನ್ನುವಾಗ
ಬಟ್ಟಲ ತುಂಬ ಕೆಂಪು.
‘ನಮ್ಮ ಮಾಲ ಅದು,’ ಅಂದ. ‘ನೋಡ್ರಿ,
ಬಣ್ಣ ಐತಿ, ಯಾರೂ ನೀರು ಕುಡಿಯಾಕತ್ತಿಲ್ಲ.’

ಐತವಾರ ಅಕ್ಕನ ಮಗಳು ಬಂದಿದ್ದಳು ರಾಣೇಬೆನ್ನೂರಿಂದ,
ಆರನೇತ್ತೆ, ಇಂಗ್ಲಿಷ್ ಮೀಡಿಯಂ.
ಹನ್ನೊಂದನೇ ಎಪಿಸೋಡು ತಗದು
‘ಈಗ ನೋಡ, ಗಡಿಯಾರದ ಮಾತು ಬರತದ’ ಅಂದೆ.
‘ಎಲ್ಲಿ ಗಡಿಯಾರ, ಚಿಗವ್ವಾ?
ಮೂರು ತಿಂಗಳ ರಿಪೋರ್ಟ್ ಎಲ್ಲೈತಿ ಅಂತಾನ.’
‘ಆಕಿ?’
‘ಸಾರಿ ಅಂತಾಳ.’
‘ಮುಂದ?’
‘ಮತ್ತ ಸಾರಿ.’

ಒಂದರಿಂದ ಹನ್ನೊಂದರ ತನಕ
ತಲಿಯೊಳಗ ಹಿಂದಕ್ಕ ಓಡಿಸಿದೆ.
‘ನಿಮ್ಮ ಅಕ್ಷರ ಮುತ್ತಿನಂಗ ಅದಾವ,
ಬರೇ ಗೇಟ್‌ಪಾಸಿಗೆ ಹಾಳಾಗಾಕತ್ತಾವ.’
ನಲವತ್ತನೇ ಮಾಳಿಗಿ ಸಾಹೇಬಗ
ಗೇಟ್‌ಪಾಸಿನ ಚಿಂತಿ ಯಾಕ ಬಂತು?
ಆವತ್ತ ತಿಳೀಬೇಕಿತ್ತು.
ಖಾಲಿ ಚೀಲದ ಲೆಕ್ಕ ತಪ್ಪಂಗಿಲ್ಲ ನಾನು,
ಇಷ್ಟು ದೊಡ್ಡದು ತಪ್ಪಿದೆ.

‘ಯಾಕ ಅಳತಿ?’ ಅಂತ ಹುಡುಗಿ.
‘ಘಾಟು,’ ಅಂದೆ.
ಮೋಟೆಬೆನ್ನೂರಿನ ನಮ್ಮ ಮನಿ ತನಕ
ಘಾಟು ಬರಂಗಿಲ್ಲ.
ಆಕಿಗೂ ಗೊತ್ತಿತ್ತು.

ಸೋಮವಾರ. ಎರಡು ಗಂಟೆ.
ಡಬ್ಬಿ, ಫೋನು, ವೈರು.
ನಾ ಏನೂ ಕೇಳಲಿಲ್ಲ.
ಅಕ್ಷರ ಬಂದ್ವು, ಹೋದ್ವು. ಚೀನಾದಾಗ ಹಿಮ ಬಿತ್ತು.
ಅವ ಎರಡು ಸಲ ಬಾಯಿ ತಗದು ಮುಚ್ಚಿದ,
ಉಪ್ಪಿನಕಾಯಿ ಹೋಳನ್ನ ಅತ್ತ ಇತ್ತ ಮಾಡಿದ.
‘ಇವತ್ತ ನಾ ಓದತೀನಿ,’ ಅಂದೆ.
‘ನಿಮಗ… ಬರತದೇನ್ರಿ?’
‘ನಿಮಗ ಬಂದಷ್ಟ.’

ಕೆಂಪಾದ, ಡಬ್ಬಿ ಕಾಯಿ ಆದಂಗ.
ಬಗ್ಗಿ, ಕಣ್ಣು ಕಿರಿದು ಮಾಡಿ
ಒಂದೊಂದ ಶಬ್ದ ಬಿಡಿಸಿ ಓದಿದೆ:
‘ಸೆಲ್ ಬದಲಿ ಮಾಡೂದು ಬ್ಯಾಡ.
ಗಡಿಯಾರ ಹಂಗ ಇರಲಿ, ಅಂತಾಳ.’

ಪರದಿ ಮ್ಯಾಲೆ ಆಗ
ಹಲ್ಲುಪುಡಿ ಜಾಹೀರಾತು ನಡದಿತ್ತು.
ಹೊರಗ ಲಾರಿಯಾವ ಮೂರನೇ ಸಲ ಹಾರ್ನ್ ಹೊಡದ,
ಚೀಟಿ ಬೇಕಾಗಿತ್ತು ಅವಂಗ.
ಯಾರೂ ಏಳಲಿಲ್ಲ.
ಎದ್ರ ವೈರು ಕಳಚತಿತ್ತು.