ಪಾಯಿಂಟ್ ನಂಬರ್ ಎರಡು

ಹಾಳೆಯ ಮೇಲೆ ಅದು ಪಾಯಿಂಟ್ ನಂಬರ್ ಎರಡು:
ಖಣಿಯ ಅಂಚಿನಿಂದ ಐನೂರ ಹತ್ತು ಮೀಟರು, ಈಶಾನ್ಯ.
ಊರಲ್ಲಿ ಕೇಳಿದರೆ ಗುರಬಾಯಿಯ ಮನೆ,
ಸೇಡಂ ರಸ್ತೆಗೆ ಬೆನ್ನು ಮಾಡಿ ಕೂತದ್ದು.

ಮಂಗಳವಾರ, ಶುಕ್ರವಾರ, ಮಧ್ಯಾಹ್ನ ಒಂದೂವರೆಗೆ
ಹಳದಿ ಪೆಟ್ಟಿಗೆ ಹೊತ್ತು ಹೋಗುತ್ತೇನೆ.
ಪಡಸಾಲೆಯ ಫರ್ಸಿಯ ಮೇಲೆ ಯಂತ್ರ ಇಟ್ಟು
ಬಾಣದ ಗುರುತು ಖಣಿಯ ಕಡೆ ತಿರುಗಿಸಿ
ಮೇಲೊಂದು ಮರಳಿನ ಚೀಲ ಹೇರುತ್ತೇನೆ.
ಗುರಬಾಯಿ ಒಲೆಯ ಮುಂದಿನಿಂದಲೇ ಅನ್ನುತ್ತಾಳೆ:
"ಕೂಸಿಗಿ ಮಲಗಿಸಿದಂಗ ಮಲಗಸ್ತಿ ನೋಡವ್ವ."

ಎರಡಕ್ಕೆ ಸೈರನ್.
ವಾಕಿಟಾಕಿಯಲ್ಲಿ ಮಶಾಕ್‌ಸಾಬರ ಕೆಮ್ಮು, ಆಮೇಲೆ ಎಣಿಕೆ.
ಮೊದಲು ಅಂಗಾಲಿಗೆ ಬರುತ್ತದೆ, ಕಿವಿಗೆ ತಡವಾಗಿ.
ನಡುವಿನ ಆ ಒಂದು ಉಸಿರಿನಲ್ಲಿ
ಹಲಗೆಯ ಮೇಲಿನ ಬೋಗುಣಿಗಳು
ಒಂದಕ್ಕೊಂದು ಏನೋ ಹೇಳಿಕೊಳ್ಳುತ್ತವೆ.
ಬೆಕ್ಕು ಏಳುವುದಿಲ್ಲ. ಅದಕ್ಕೆ ರೂಢಿ.
ಯಂತ್ರ ಹೇಳುತ್ತದೆ: ಮೂರು ಪಾಯಿಂಟ್ ನಾಲ್ಕು.

"ಮಿತಿ ಐದು. ಅದರ ಒಳಗೇ ಅದರಿ," ನಾನು.
"ಗ್ವಾಡಿಗಿ ಓದ್ಲಾಕ ಬರಲ್ಲವ್ವ," ಆಕೆ.

ನನ್ನಪ್ಪ ಶಹಾಬಾದಿನಲ್ಲಿ ಕಲ್ಲು ಎತ್ತುತ್ತಿದ್ದವನು.
ಸುತ್ತಿಗೆಯಿಂದ ತಟ್ಟಿ, ಕಿವಿ ಕೊಟ್ಟು,
ಪದರ ಎಲ್ಲಿ ಬಿಡುತ್ತದೆಂದು ತಿಳಿದು ಉಳಿ ಇಟ್ಟರೆ
ಹಂಚಿನಿಂದ ರೊಟ್ಟಿ ಏಳುವ ಹಾಗೆ ಏಳುತ್ತಿತ್ತು ಫರ್ಸಿ.
ಮುರಿದರೆ ಆ ದಿನದ ಕೂಲಿಯೂ ಮುರಿಯಿತು.
ಅವನದು ಒಡೆಯದ ಹಾಗೆ ಎತ್ತುವ ಕೆಲಸ.
ನನ್ನದು ಎತ್ತುವ ಹಾಗೆ ಒಡೆಯುವ ಕೆಲಸ,
ಕ್ರಷರಿನ ಬಾಯಿಗಿಂತ ದೊಡ್ಡದು ಒಂದೂ ಉಳಿಯದಂತೆ.
ಎಂಟು ಸೆಮಿಸ್ಟರು ಓದಿದ್ದು ಇದಕ್ಕೇ.
ನೌಕರಿಯ ಪತ್ರ ಓದಿಸಿ ಕೇಳಿ ಅಪ್ಪ ಅಂದದ್ದು ಒಂದೇ:
"ಒಡದದ್ದಕ್ಕ ಪಗಾರ ಕೊಡ್ತಾರೇನು?"

ಸರ್ಟಿಫಿಕೇಟಿನ ಮೌಖಿಕ ಪರೀಕ್ಷೆಯಲ್ಲಿ ಕೇಳಿದ್ದರು,
ಹಾರದೆ ಉಳಿದ ಮದ್ದಿನ ಹತ್ತಿರ ಯಾವಾಗ ಹೋಗಬೇಕು?
ಪುಸ್ತಕದ ನಿಮಿಷಗಳನ್ನು ಹೇಳಿ ಪಾಸಾದೆ.
ಮಶಾಕ್‌ಸಾಬರ ಉತ್ತರ ಬೇರೆ:
"ಬೀಡಿ ನೆನಪಾಗಿ, ಮರೆತು, ಮತ್ತ ನೆನಪಾಗೋತನಕ ಕೂಡ್ರಿ.
ಆಮ್ಯಾಲ ಒಬ್ಬರೇ ಹೋಗ್ರಿ."

ಹೋದ ತಿಂಗಳು ಷರಾ ಕಾಲಮ್ಮಿನಲ್ಲಿ ಬರೆದೆ:
ಬೋಗುಣಿಗಳು ಸದ್ದು ಮಾಡಿದವು.
ಮ್ಯಾನೇಜರು ಕೆಂಪು ಗೆರೆ ಎಳೆದರು, ಬೈಯಲಿಲ್ಲ.
ಮರುವಾರ ಒಂದೊಂದು ಡಿಲೇಗೆ ಎಂಟು ಕೇಜಿ ಮದ್ದು ಇಳಿಸಿದೆ.
ಬಂಡೆಗಳು ದಪ್ಪ ಬಿದ್ದವು,
ರಾಕ್ ಬ್ರೇಕರು ಎರಡು ಪಾಳಿ ಕುಟ್ಟಿತು,
ಡೀಸೆಲಿನ ಲೆಕ್ಕ ನನ್ನ ಮೇಜಿಗೆ ಬಂತು.
ಯಂತ್ರ ಎರಡು ಪಾಯಿಂಟ್ ಒಂಬತ್ತು ಅಂದಿತು.
ಗುರಬಾಯಿ ಮಾತ್ರ ಆ ದಿನ ಮನೆಯಲ್ಲಿ ಇರಲಿಲ್ಲ,
ಚಿತ್ತಾಪುರಕ್ಕೆ ತಂಗಿಯ ನೋಡಲು ಹೋಗಿದ್ದಳು.

ಮೊಮ್ಮಗ ಸಾಯಬಣ್ಣ, ಪಿಯುಸಿ ಎರಡನೇ ವರ್ಷ, ಕೇಳುತ್ತಾನೆ:
"ಇದಕ್ಕ ಏನ್ ಓದಬೇಕ್ರಿ ಮೇಡಂ? ಸ್ಕೋಪ್ ಅದಾ?"
ಗಣಿತ ಬೇಕು ಅಂದೆ.
ಬಿಸಿಲು ಬೇಕು ಅನ್ನಲಿಲ್ಲ.
ಮೇ ತಿಂಗಳ ಸುಣ್ಣದ ಕಲ್ಲು ಕಣ್ಣಿಗೆ ಚುಚ್ಚುವುದು,
ಒಂದು ಶೌಚಾಲಯಕ್ಕೆ ನಾನು ಹದಿನಾಲ್ಕು ಪತ್ರ ಬರೆದದ್ದು,
ಖಣಿ ತೀರಿ ನೀರು ತುಂಬಿ ಹುಡುಗರು ಈಜುವ ಹೊತ್ತಿಗೆ
ಅದನ್ನು ತೋಡಿದ ಇಂಜಿನಿಯರು
ಯಾವುದೋ ಜಿಲ್ಲೆಯ ಇನ್ನೊಂದು ಅಂಚಿನಲ್ಲಿ ನಿಂತಿರುವುದು,
ಯಾವುದನ್ನೂ ಹೇಳಲಿಲ್ಲ.
ಅವ್ವನೇ ನಡುವೆ ಬಾಯಿ ಹಾಕಿದಳು:
"ಇವನಿಗೂ ಅದೇ ಕಲಸವ್ವ.
ನಮ್ಮವ ಒಬ್ಬ ಅಲ್ಲಿದ್ರ
ಮನಿ ನೆನಸಿ ಸಣ್ಣಗ ಹಾರಸ್ತಾನ."
ನಾನು ಚಹಾದ ಕಪ್ಪಿನಲ್ಲಿ ಮುಖ ಇಟ್ಟೆ.

ಇವತ್ತು ನೋಡಿದರೆ ಯಂತ್ರದ ಪಕ್ಕ
ಕಂಠಮಟ ನೀರು ತುಂಬಿದ ತಂಬಿಗೆ.
ಸುತ್ತ ಸೀಮೆಸುಣ್ಣದ ಗೆರೆ. ಇಟ್ಟವನು ಸಾಯಬಣ್ಣ.
ಸೈರನ್. ಕೆಮ್ಮು. ಎಣಿಕೆ.
ನೀರಿನ ಮೇಲೆ ಬಳೆ, ಬಳೆಯ ಒಳಗೆ ಬಳೆ,
ಆಮೇಲೆ ಅಂಚು ದಾಟಿ ಮೂರು ಹನಿ
ಗೆರೆಯ ಆಚೆ ಫರ್ಸಿಯ ಮೇಲೆ.
ಅವನು ಬಗ್ಗಿ ಎಣಿಸಿದ, ಇನ್ನೊಮ್ಮೆ ಎಣಿಸಿದ.

ನಾನು ಹಾಳೆ, ಪೆನ್ನು ಅವನ ಕೈಗೆ ಕೊಟ್ಟೆ: ಬರಿ.
ಮೇಲಿನಿಂದ ಕೆಳಗೆ ಬೆರಳಾಡಿಸಿ ನೋಡಿ
ಹುಡುಗ ಕೇಳಿದ:
"ಯಾವ ಕಾಲಮ್ಮಿನಾಗ್ರಿ?"